ಉಳಿಕೆ ಇನ್ನೂರ ಎಂಬತ್ತಾರು

ಹೇಳಿಕೆ ನೀಡಿದವರು: ಹಣಮಂತ್ರಾಯ ಬಿನ್ ಭೀಮಣ್ಣ, ವಯಸ್ಸು 23 ವರ್ಷ. ಕೆಲಸ: ವಜ್ರಗಿರಿ ವೇರ್‌ಹೌಸಿಂಗ್ ಗೋದಾಮಿನಲ್ಲಿ ಪಿಕ್ಕರ್, ಅಂದರೆ ರ‍್ಯಾಕಿನಿಂದ ಕಾರ್ಟನ್ ಇಳಿಸಿ ಲಾರಿ ನಿಲ್ಲುವ ಡಾಕಿಗೆ ತರುವುದು. ವಾಸ: 14ನೇ ರೂಮು, ರಾಮಾಂಜಿನಪ್ಪನವರ ಲೈನ್ ಮನೆ, ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಹಿಂಭಾಗ, ಬೆಂಗಳೂರು. ಸ್ವಂತ ಊರು: ಕಂಚಗಾರಹಾಳ, ಯಾದಗಿರಿ ಜಿಲ್ಲೆ.

ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ತಂಗಿ ಮಾಲಾ, 19 ವರ್ಷ, ಇವಳೊಂದಿಗೆ ವಾಸವಾಗಿರುತ್ತೇನೆ. ಸದರಿ ಗೋದಾಮಿನಲ್ಲಿ ಹನ್ನೊಂದು ತಿಂಗಳಿನಿಂದ ಕೆಲಸ ಮಾಡುತ್ತಿದ್ದೇನೆ. ಅದಕ್ಕೂ ಮುಂಚೆ ಪೀಣ್ಯದಲ್ಲಿ ಏಳು ತಿಂಗಳು, ಅತ್ತಿಬೆಲೆಯಲ್ಲಿ ಐದು ತಿಂಗಳು, ಹೀಗೆ ಊರು ಬಿಟ್ಟ ಆರು ವರ್ಷದಲ್ಲಿ ಹಲವು ಕಡೆ ಇದ್ದೆ. ನಾನು ಒಂದು ಕಡೆ ನಿಲ್ಲುವುದಿಲ್ಲ ಎಂದು ಹೇಳುವವರಿದ್ದಾರೆ, ಅದು ನಿಜ. ಆದರೆ ಯಾವ ಕಡೆಯಲ್ಲೂ ನನ್ನ ಮೇಲೆ ದೂರು ಇರುವುದಿಲ್ಲ. ಈಗಲೂ ದೂರು ಇರುವುದು ನನ್ನ ಮೇಲಲ್ಲ, ನಮ್ಮ ಲೈನ್ ಮನೆಯ 9ನೇ ರೂಮಿನ ರುದ್ರಮ್ಮನವರ ಮೇಲೆ. ಅದು ತಪ್ಪು ಎಂದು ಹೇಳಲು ಈ ಹೇಳಿಕೆಯನ್ನು ಕೊಡುತ್ತಿದ್ದೇನೆ.

ನನ್ನ ತಂಗಿ ಮಾಲಾ ಮೊಬೈಲ್ ಚಾರ್ಜರ್ ಜೋಡಿಸುವ ಯೂನಿಟ್ಟಿನಲ್ಲಿ ಕೆಲಸ ಮಾಡುತ್ತಾಳೆ. ಒಂಬತ್ತು ಗಂಟೆ ನಿಂತೇ ಇರಬೇಕು, ವಾರ ಬಿಟ್ಟು ವಾರ ನೈಟ್ ಶಿಫ್ಟ್. ಇದೇ ಆಗಸ್ಟ್ ತಿಂಗಳಿನಿಂದ ಅವಳ ಎಡಗಾಲಿನ ಹರಡು ಶಿಫ್ಟ್ ಮುಗಿಯುವ ವೇಳೆಗೆ ಊದಿಕೊಳ್ಳುತ್ತಿದ್ದು, ಮಲಗಿ ಎದ್ದರೆ ಇಳಿಯುತ್ತಿತ್ತು. ಸೆಪ್ಟೆಂಬರ್ 14ರಂದು ಚಂದಾಪುರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರು ನಮ್ಮ ಊರು ಕೇಳಿದರು, ಹೇಳಿದೆ. ಹಾಗಾದರೆ ಇದು ಆನೆಕಾಲು ರೋಗದ ಶುರು ಇರಬಹುದು, ರಕ್ತ ನೋಡಬೇಕು, ಆದರೆ ಆ ಹುಳ ರಾತ್ರಿ ಹತ್ತರ ಮೇಲೆ ಮಾತ್ರ ರಕ್ತದಲ್ಲಿ ಓಡಾಡುತ್ತದೆ, ತಮ್ಮ ಲ್ಯಾಬು ಒಂಬತ್ತಕ್ಕೆ ಮುಚ್ಚುತ್ತದೆ ಎಂದು ತಿಳಿಸಿದರು. ಹತ್ತರ ಮೇಲೆ ತೆರೆದಿರುವ ಲ್ಯಾಬು ಎಲ್ಲಿದೆ ಎಂದು ನಾನು ಕೇಳಿದ್ದಕ್ಕೆ, ಊರಿಗೆ ಹೋದಾಗ ತೋರಿಸಿ ಎಂದರು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಮಾಲಾ, "ನೋಡಣ್ಣ, ಹುಳಕ್ಕೂ ನನ್ನಂಗೇ ನೈಟ್ ಶಿಫ್ಟ್" ಎಂದು ಹೇಳಿ ನಕ್ಕಿರುತ್ತಾಳೆ. ನಾನು ನಗಲಿಲ್ಲ.

ರುದ್ರಮ್ಮನವರ ವಯಸ್ಸು 52. ನಮ್ಮ ಊರಿನಿಂದ ನಾಲ್ಕು ಕಿ.ಮೀ. ದೂರದ ಹಳ್ಳಿಯವರು. ನಾನು ಕೆಲಸ ಮಾಡುವ ಗೋದಾಮಿನಲ್ಲೇ ಕಂಟ್ರಾಕ್ಟಿನ ಮೇಲೆ ಕಸ ಗುಡಿಸುತ್ತಾರೆ, ಬೆಳಿಗ್ಗೆ 6ರಿಂದ ಮಧ್ಯಾಹ್ನ 2ರವರೆಗೆ. ನನ್ನದು 2ರಿಂದ 10ರ ಪಾಳಿ. ಅವರ ಎಡಗಾಲು ಆನೆಕಾಲು. ಪ್ರತಿ ತಿಂಗಳ ಒಂದನೇ ತಾರೀಖು ಟೈಲರ್ ಟೇಪಿನಲ್ಲಿ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಈ ತಿಂಗಳು ಎಡಗಾಲು 49 ಸೆಂ.ಮೀ., ಬಲಗಾಲು 31. ಬೆಳಿಗ್ಗೆ ಮತ್ತು ಸಂಜೆ ಸೋಪು ಹಾಕಿ ತೊಳೆದು, ಬೆರಳ ಸಂದಿಗಳನ್ನು ಒಣಬಟ್ಟೆಯಲ್ಲಿ ಒತ್ತಿ ಒರೆಸದಿದ್ದರೆ ಕಾಲು ಕೀವು ಹಿಡಿದು ಜ್ವರ ಬರುತ್ತದೆ.

ನಮ್ಮ ಊರೂ ಸೇರಿದಂತೆ ಆ ಕಡೆಯ ಹಳ್ಳಿಗಳಲ್ಲಿ ಅವರು ಎಂಟು ವರ್ಷ ಈ ರೋಗದ ಮಾತ್ರೆ ಹಂಚುವ ಕೆಲಸ ಮಾಡಿರುತ್ತಾರೆ. ವರ್ಷಕ್ಕೊಮ್ಮೆ ಮನೆ ಮನೆಗೆ ಹೋಗಿ, ಎತ್ತರ ಅಳೆದು, ಎತ್ತರದ ಮೇಲೆ ಒಂದರಿಂದ ನಾಲ್ಕು ಮಾತ್ರೆ ಎಣಿಸಿ, ತಮ್ಮೆದುರಿಗೇ ನುಂಗಿಸಿ, ನುಂಗಿದವರ ಎಡಗೈ ಕಿರುಬೆರಳ ಉಗುರಿಗೆ ಶಾಯಿ ಹಚ್ಚಿ, ಪುಸ್ತಕದಲ್ಲಿ ಬರೆದು, ಉಳಿದ ಮಾತ್ರೆಗಳನ್ನು ಎಣಿಸಿ ವಾಪಸ್ ಕೊಟ್ಟು ಸಹಿ ಪಡೆಯುವುದು ಅವರ ಕೆಲಸವಾಗಿತ್ತು. ಅವರ ಕಾಲು ಆ ಮಾತ್ರೆ ಊರಿಗೆ ಬರುವುದಕ್ಕೂ ಮುಂಚಿನದು. ಒಮ್ಮೆ ಊದಿ ಗಟ್ಟಿಯಾದ ಕಾಲು ಮಾತ್ರೆಯಿಂದ ಇಳಿಯುವುದಿಲ್ಲ ಎಂದು ಅವರೇ ಹೇಳುತ್ತಿದ್ದರು. "ನಂದು ಮುಗೀತು. ನೋಡ್ಕೊಂಡಾದ್ರೂ ನುಂಗಲಿ ಅಂತ ಮನಿ ಮನಿಗೆ ಈ ಕಾಲು ಎಳ್ಕೊಂಡು ಹೋಗ್ತಿದ್ದೆ" ಎನ್ನುತ್ತಿದ್ದರು.

ನಮ್ಮ ಲೈನ್ ಮನೆಯಲ್ಲಿ ನಮ್ಮ ಕಡೆಯವರು ಮಕ್ಕಳೂ ಸೇರಿ ಸುಮಾರು 80 ಜನ ಇದ್ದೇವೆ. ಊರಿಗೆ ಮಾತ್ರೆ ಬರುವ ವೇಳೆಗೆ ನಾವು ಇಲ್ಲಿರುತ್ತೇವೆ. ನಾನು ಕೊನೆಯ ಸಲ ನುಂಗಿದ್ದು ಪಿಯುಸಿ ಓದುವಾಗ, ಮಾಲಾ ಎಂಟನೇ ಕ್ಲಾಸಿನಲ್ಲಿ. ಒಂದು ಸಲ ರುದ್ರಮ್ಮ, "ನಿಮ್ಮ ಮನಿ ಬಾಗಿಲಿಗೆ ಏನಂತ ಬರೀತಿದ್ದೆ ಗೊತ್ತೇನು? ಬೀಗ ಅಂತ. ಐದು ವರ್ಷ ನಿಮ್ಮ ಹೆಸರು ಬೀಗ" ಎಂದು ನನಗೂ ಮಾಲಾಳಿಗೂ ಹೇಳಿದ್ದು ನೆನಪಿದೆ.

ಇದೇ ವರ್ಷ ಮಾರ್ಚ್ ತಿಂಗಳಿನಲ್ಲಿ ನಮ್ಮ ಗೋದಾಮಿಗೆ ಅದೇ ಮಾತ್ರೆಯ 84 ಕಾರ್ಟನ್ ಬಂದಿದ್ದು, ಡಿ ಸಾಲಿನ 7ನೇ ರ‍್ಯಾಕಿಗೆ ನಾನೇ ಏರಿಸಿರುತ್ತೇನೆ. ಒಂದು ಕಾರ್ಟನ್ನಿನಲ್ಲಿ 12 ಬಾಟಲಿ, ಒಂದು ಬಾಟಲಿಯಲ್ಲಿ 500 ಮಾತ್ರೆ. ಮೇಲೆ ದಾನ, ಮಾರಾಟಕ್ಕಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅವಧಿ 30-11-2025ಕ್ಕೆ ಮುಗಿಯುತ್ತದೆ. ಅದು ಯಾವ ಮಾತ್ರೆ ಎಂದು ನನಗೆ ಗೊತ್ತಿರಲಿಲ್ಲ. ಗುಡಿಸುವಾಗ ರುದ್ರಮ್ಮನವರು ಕಾರ್ಟನ್ ನೋಡಿ ಗುರುತು ಹಿಡಿದಿರುತ್ತಾರೆ. ಏಪ್ರಿಲ್ ಹೋಯಿತು, ಜೂನ್ ಹೋಯಿತು, ಕಾರ್ಟನ್ ಕದಲಲಿಲ್ಲ. ಡಿ ಸಾಲನ್ನು ಅವರು ದಿನಕ್ಕೆ ಎರಡು ಸಲ ಗುಡಿಸುತ್ತಿದ್ದರು ಎಂದು ಬೇರೆ ಹೆಂಗಸರು ತಮಾಷೆ ಮಾಡುತ್ತಿದ್ದರು.

ಜುಲೈನಲ್ಲಿ ಅವರು ಗೋದಾಮಿನ ಲೆಕ್ಕ ವಿಭಾಗದ ಶ್ಯಾಮಲಾ ಮೇಡಂ ಅವರನ್ನು ಟೀ ಅಂಗಡಿಯ ಹತ್ತಿರ ಕೇಳಿದಾಗ ನಾನೂ ಅಲ್ಲೇ ಇದ್ದೆ. ಮಾತ್ರೆ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಯಾಕೆ ಹೋಗಿಲ್ಲ ಎಂದು ಕೇಳಿದರು. ಅದಕ್ಕೆ ಮೇಡಂ, "ಔಷಧಿ ಫ್ರೀ ಕಣಮ್ಮ, ಲಾರಿ ಫ್ರೀ ಅಲ್ಲ. ಸ್ಯಾಂಪಲ್ ಟೆಸ್ಟಿಂಗ್ ಫ್ರೀ ಅಲ್ಲ, ನಮ್ಮ ಬಾಡಿಗೆ ಫ್ರೀ ಅಲ್ಲ. ಅದನ್ನ ಯಾರು ಕಟ್ಬೇಕು ಅಂತ ಎರಡು ಆಫೀಸು ಲೆಟರ್ ಬರ್ಕೊಂಡು ಕೂತಿವೆ" ಎಂಬುದಾಗಿ ತಿಳಿಸಿದರು. ದಾನ ಕೊಟ್ಟವರೇ ಆ ಖರ್ಚನ್ನೂ ಕೊಡಬಾರದೇ ಎಂದು ರುದ್ರಮ್ಮ ಕೇಳಿದ್ದಕ್ಕೆ, "ಕೊಟ್ಟೋರು ಫೋಟೋ ತಗೊಂಡ್ರಲ್ಲ, ಅವರ ಲೆಕ್ಕ ಕ್ಲೋಸು" ಎಂದರು.

ದಿನಾಂಕ 17-11-2025 ಸೋಮವಾರ ಸಂಜೆ 4.20ಕ್ಕೆ ನಮ್ಮ ಸೂಪರ್‌ವೈಸರ್ ದೇವರಾಜ್ ಅವರು ಸದರಿ 84 ಕಾರ್ಟನ್‌ಗಳನ್ನು ಡಿ ಸಾಲಿನಿಂದ ಇಳಿಸಿ, ಡಾಕಿನ ಪಕ್ಕದ ಕೆಂಪು ಪಟ್ಟಿಯ ಜಾಲರಿಯೊಳಗೆ ಇಡಲು ಹೇಳಿದರು. ಆ ಜಾಲರಿ ನಾಶ ಮಾಡುವ ಸಾಮಾನಿಗೆ ಇರುವುದು. 24ರಂದು ಲಾರಿ ಬಂದು ಸುಡಲು ಒಯ್ಯುತ್ತದೆ ಎಂದರು. ಅವಧಿ ಇನ್ನೂ ಹದಿಮೂರು ದಿನ ಇದೆಯಲ್ಲ ಎಂದು ಕೇಳಿದೆ. "ಹದಿಮೂರು ದಿನದಲ್ಲಿ ನೀನ್ ಹಂಚ್ತೀಯೇನೋ ಗುರು" ಎಂದು ನಕ್ಕರು. ನಾನು 2 ಗಂಟೆ 10 ನಿಮಿಷದಲ್ಲಿ 84 ಕಾರ್ಟನ್ ಇಳಿಸಿದೆ. ಆ ದಿನ ಊಟದ ವಿರಾಮದಲ್ಲಿ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದೆ. ಐದು ಲಕ್ಷದ ನಾಲ್ಕು ಸಾವಿರ ಮಾತ್ರೆ. ಹೆಚ್ಚುಕಡಿಮೆ ಒಂದೂವರೆ ಲಕ್ಷ ಜನರಿಗೆ ಆಗುತ್ತದೆ.

ನಮ್ಮ ಗೋದಾಮಿನಲ್ಲಿ ಒಂದು ಪದ್ಧತಿ ಇದೆ. ಸೋಪು, ಬಿಸ್ಕತ್ತು, ಶಾಂಪೂ ಇಂಥವು ಮೂಲೆ ಜಜ್ಜಿದರೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ. ಅಂಥದ್ದಕ್ಕೆ ಡ್ಯಾಮೇಜ್ ಎಂದು ಸ್ಟಿಕ್ಕರ್ ಅಂಟಿಸಿ, ಪ್ರತಿ ಶುಕ್ರವಾರ ಕೆಲಸದವರಿಗೆ ಹಂಚುತ್ತಾರೆ. ಸೂಪರ್‌ವೈಸರ್ ಚೀಟಿ ಬರೆದುಕೊಡುತ್ತಾರೆ, ಗೇಟಿನಲ್ಲಿ ಸೆಕ್ಯುರಿಟಿಯವರು ಚೀಟಿ ಇಟ್ಟುಕೊಂಡು ಬಿಡುತ್ತಾರೆ. ಹನ್ನೊಂದು ತಿಂಗಳಲ್ಲಿ ನಾನು ಸೋಪು ಕೊಂಡಿದ್ದೇ ಇಲ್ಲ. ರುದ್ರಮ್ಮನವರ ಕಾಲಿಗೆ ಹಾಕುವ ಸೋಪೂ ಅದೇ.

ದಿನಾಂಕ 21-11-2025 ಶುಕ್ರವಾರ ಮಧ್ಯಾಹ್ನ 2.15ಕ್ಕೆ ನಾನು ದೇವರಾಜ್ ಅವರ ಹತ್ತಿರ ಹೋಗಿ, ಜಾಲರಿಯಲ್ಲಿ 61ನೇ ನಂಬರಿನ ಕಾರ್ಟನ್ ಜಜ್ಜಿದೆ, ಅದರಿಂದ ಒಂದು ಬಾಟಲಿ ಡ್ಯಾಮೇಜ್ ಲೆಕ್ಕದಲ್ಲಿ ತೆಗೆದುಕೊಳ್ಳಲೇ ಎಂದು ಕೇಳಿದೆ. ಆ ಕಾರ್ಟನ್ನಿನ ಮೂಲೆಯನ್ನು ಹಿಂದಿನ ದಿನ ಜಜ್ಜಿದ್ದು ನಾನೇ ಎಂಬುದನ್ನೂ ಈಗ ಹೇಳುತ್ತಿದ್ದೇನೆ. ಯಾವುದಕ್ಕೆ ಎಂದು ಅವರು ಕೇಳಿದರು. ಹುಳಕ್ಕೆ ಎಂದೆ. "ನಿನ್ ಹೊಟ್ಟೆ ಒಳಗೆ ಐನೂರು ಮಾತ್ರೆಯಷ್ಟು ಹುಳ ಇದಾವೇನೋ ಮಗಾ? ತಗೊಂಡೋಗು, ಸುಡೋದೇ ತಾನೆ" ಎಂದು ಹೇಳಿ, ಡ್ಯಾಮೇಜ್, ಒಂದು ನಗ ಎಂದು ಚೀಟಿ ಬರೆದು ಸಹಿ ಹಾಕಿದರು. ಏನು ವಸ್ತು ಎಂದು ಬರೆಯಲಿಲ್ಲ. ರಾತ್ರಿ 10.05ಕ್ಕೆ ಗೇಟಿನಲ್ಲಿ ಆ ಚೀಟಿ ಕೊಟ್ಟು ಬಾಟಲಿಯನ್ನು ಊಟದ ಚೀಲದಲ್ಲಿ ತಂದು ರುದ್ರಮ್ಮನವರಿಗೆ ಕೊಟ್ಟೆ. ಅವರು ಮೊದಲು ಕೇಳಿದ್ದು ಚೀಟಿ ಇದೆಯೇ ಎಂದು. ಇದೆ ಎಂದ ಮೇಲೆ ಬಾಟಲಿ ಮುಟ್ಟಿದರು.

ಅದರ ಜೊತೆಗೆ ಕೊಡಬೇಕಾದ ಬೇರೆ ಎರಡು ಬಗೆಯ ಅಗ್ಗದ ಮಾತ್ರೆಗಳನ್ನು ಅವರು ತಮ್ಮ ಸಂಬಳದಲ್ಲಿ ಮೆಡಿಕಲ್ ಶಾಪಿನಿಂದ ತಂದರು. ಉದ್ದದ ಒಂದು ನೋಟ್‌ಬುಕ್ ಕೊಂಡು ಗೆರೆ ಎಳೆದರು. ಮೇಲೆ ಸಾಮೂಹಿಕ ಔಷಧಿ ನುಂಗಿಸುವ ದಿನ, ಬೊಮ್ಮಸಂದ್ರ ಎಂದು ಬರೆದರು. ಬಾಟಲಿಯ ಬ್ಯಾಚ್ ನಂಬರು, ಅವಧಿ, ಎಲ್ಲಿಂದ ಪಡೆದದ್ದು ಎಂಬ ಕಡೆ ಗೋದಾಮಿನ ಹೆಸರು, ನೀಡುವವರು ಎಂಬ ಕಡೆ ತಮ್ಮ ಹೆಸರು. ಇದೆಲ್ಲ ಯಾಕೆ ಬರೆಯುತ್ತೀರಿ, ಇದು ಸರ್ಕಾರಿ ಕೆಲಸವಲ್ಲ ಎಂದು ನಾನು ಹೇಳಿದೆ. "ಬರೀಲಾರದ ಗುಳಿಗಿ ನುಂಗಿದಂಗಲ್ಲ" ಎಂದರು. ಸದರಿ ನೋಟ್‌ಬುಕ್ ಈಗ ಠಾಣೆಯಲ್ಲಿದೆ.

ದಿನಾಂಕ 23-11-2025 ಭಾನುವಾರ ಬೆಳಿಗ್ಗೆ 8.30ಕ್ಕೆ ಶುರುವಾಯಿತು. ರುದ್ರಮ್ಮನವರು ಲೈನ್ ಮನೆಯ ಅಂಗಳದ ಗೋಡೆಗೆ ಇಟ್ಟಿಗೆ ಚೂರಿನಿಂದ ನಾಲ್ಕು ಗೆರೆ ಎಳೆದು ಎತ್ತರ ಬರೆದರು. ಮನೆ ಮಾಲೀಕರಾದ ರಾಮಾಂಜಿನಪ್ಪನವರು ಬಂದು, "ಏನಮ್ಮ ಇದು, ಮೊನ್ನೆ ತಾನೆ ಸುಣ್ಣ ಹೊಡ್ಸಿವ್ನಿ" ಎಂದು ಗದರಿದರು. ವಿಷಯ ಗೊತ್ತಾದ ಮೇಲೆ ತಾವೂ ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಚಾಚಿದರು. ನಿಮ್ಮ ಕಡೆ ಈ ರೋಗ ಇಲ್ಲ, ನಿಮಗೆ ಬೇಡ ಎಂದು ರುದ್ರಮ್ಮ ಹೇಳಿದರು. "ಬಾಡಿಗೆ ಕೊಡೋರಿಗೆಲ್ಲ ಐತೆ, ಓನರ್‌ಗೆ ಇಲ್ವಾ" ಎಂದು ಅವರು ಸಿಟ್ಟು ಮಾಡಿಕೊಂಡು ಹೋಗಿ, ಹತ್ತು ನಿಮಿಷದ ನಂತರ ಒಂದು ಕ್ಯಾನ್ ಕುಡಿಯುವ ನೀರು ಕಳುಹಿಸಿಕೊಟ್ಟರು.

ಖಾಲಿ ಹೊಟ್ಟೆಯವರನ್ನು ರುದ್ರಮ್ಮ ಉಂಡು ಬನ್ನಿ ಎಂದು ವಾಪಸ್ ಕಳುಹಿಸಿದರು. ಐದು ವರ್ಷದ ಒಳಗಿನವರಿಗೆ, ಬಸುರಿಯರಿಗೆ, ಕೂಸಿಗೆ ಹಾಲು ಕೊಡುವವರಿಗೆ, ಹುಷಾರಿಲ್ಲದವರಿಗೆ ಕೊಡಲಿಲ್ಲ. ಯಾರಿಗೂ ಮಾತ್ರೆಯನ್ನು ಕೈಯಲ್ಲಿ ಕೊಟ್ಟು ಕಳುಹಿಸಲಿಲ್ಲ. ನುಂಗಿದ ಮೇಲೆ ಬಾಯಿ ತೆಗೆಸಿ ನಾಲಿಗೆ ಎತ್ತಿಸಿ ನೋಡಿದರು. ನಾಲಿಗೆ ಕೆಳಗೆ ಇಟ್ಟುಕೊಂಡಿದ್ದ ಒಬ್ಬನಿಗೆ ತಮ್ಮ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಾಲು ತೋರಿಸಿದರು. ಅವನು ನುಂಗಿದನು. ಉಗುರಿಗೆ ಹಚ್ಚಲು ನಾನು ಡಾಕಿನಲ್ಲಿ ಕಾರ್ಟನ್ ಮೇಲೆ ಬರೆಯುವ ಮಾರ್ಕರ್ ತಂದಿದ್ದೆ.

ಮಧ್ಯಾಹ್ನ 1.40ಕ್ಕೆ ಮುಗಿಯಿತು. ನುಂಗಿದವರು ನಾನೂ ಸೇರಿ 65 ಜನ, ಖರ್ಚಾದದ್ದು 211 ಮಾತ್ರೆ. ಆ ದಿನ ಸಂಜೆ ಮೂವರಿಗೆ ಜ್ವರ, ಮೈಕೈ ನೋವು ಬಂದಿದ್ದು, ರುದ್ರಮ್ಮನವರು ಅವರ ಪಕ್ಕದಲ್ಲಿ ಕುಳಿತು ಜ್ವರದ ಮಾತ್ರೆ ಕೊಟ್ಟಿರುತ್ತಾರೆ. ಒಬ್ಬನ ಹೆಂಡತಿ ಅತ್ತಾಗ, "ಅಳಬ್ಯಾಡವ್ವ. ಒಳಗಿದ್ದದ್ದು ಸಾಯಾಕತ್ತಾವ, ಅದಕ್ಕ ಜ್ವರ. ಜ್ವರ ಬಂದಾವನೇ ಪುಣ್ಯವಂತ" ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ಬೆಳಗಾಗುವಷ್ಟರಲ್ಲಿ ಮೂವರೂ ಕೆಲಸಕ್ಕೆ ಹೋಗಿರುತ್ತಾರೆ.

ಆ ಭಾನುವಾರ ನನ್ನ ತಂಗಿಗೆ ರಾತ್ರಿಯವರೆಗೆ ಓಟಿ ಹಾಕಿದ್ದರು. ಯಾರಿಗೋಸ್ಕರ ನಾನು ಬಾಟಲಿ ತಂದೆನೋ ಅವಳೇ ಆ ದಿನ ಅಂಗಳದಲ್ಲಿ ಇರಲಿಲ್ಲ. ಅವಳ ಎತ್ತರ 152 ಸೆಂ.ಮೀ., ಮೂರು ಮಾತ್ರೆ. ನನ್ನ ಕೈಗೆ ಕೊಡಿ, ಬಂದ ಮೇಲೆ ನುಂಗಿಸುತ್ತೇನೆ ಎಂದೆ. ರುದ್ರಮ್ಮ ಒಪ್ಪಲಿಲ್ಲ. ಮೂರನ್ನು ಪೇಪರಿನಲ್ಲಿ ಪೊಟ್ಟಣ ಕಟ್ಟಿ ಮೇಲೆ ಮಾಲಾ ಎಂದು ಬರೆದು, ಸೋಮವಾರ ಸಂಜೆ ತಾವೇ ಎದುರಿಗೆ ಕೂರಿಸಿಕೊಂಡು ನುಂಗಿಸುವುದಾಗಿ ಹೇಳಿದರು. ನೋಟ್‌ಬುಕ್ಕಿನ 66ನೇ ಸಾಲಿನಲ್ಲಿ ಅವಳ ಹೆಸರು, ಎತ್ತರ, ಮಾತ್ರೆ ಮೂರು ಎಂದು ಇದೆ. ಬೆರಳ ಗುರುತು ಎಂಬ ಕಡೆ ಖಾಲಿ ಇದೆ.

ಸಂಜೆ 7 ಗಂಟೆಗೆ ರುದ್ರಮ್ಮನವರು ಉಳಿದದ್ದನ್ನು ಎರಡು ಸಲ ಎಣಿಸಿದರು. 286. ನೋಟ್‌ಬುಕ್ಕಿನ ಕೆಳಗೆ ಉಳಿಕೆ 286, ವಾಪಸ್ ಎಂದು ಬರೆದು ಸಹಿಗೆ ಜಾಗ ಬಿಟ್ಟರು. ನಾಳೆ ಡಾಕಿನಲ್ಲಿ ಕೊಟ್ಟು ಸಹಿ ಹಾಕಿಸಿಕೊಂಡು ಬಾ ಎಂದು ನನಗೆ ಹೇಳಿದರು. ಅವು ನಾಳೆ ಸುಡುವ ಮಾತ್ರೆ, ಮೋರಿಗೆ ಎಸೆದುಬಿಡಿ, ಯಾರೂ ಕೇಳುವುದಿಲ್ಲ ಎಂದು ನಾನು ಹೇಳಿದೆ. ಅದಕ್ಕೆ ಅವರು, "ಎಸಿಯಾಕ ಅದೇನು ನಮ್ಮಪ್ಪನ ಗಂಟಲ್ಲ. ಎಂಟು ವರ್ಷದಾಗ ಒಂದ್ ಗುಳಿಗಿ ಲೆಕ್ಕ ತಪ್ಪಿಲ್ಲ ನನಗ" ಎಂದರು. ನಾನು ಒಯ್ಯುವುದಿಲ್ಲ ಎಂದೆ. ಆಯಿತು ಎಂದು ಬಾಟಲಿಯನ್ನು ಒಳಗೆ ಎತ್ತಿಟ್ಟರು. ಅವರೇ ಒಯ್ಯುತ್ತಾರೆ ಎಂದು ನನಗೆ ಹೊಳೆಯಲಿಲ್ಲ.

ದಿನಾಂಕ 24-11-2025 ಸೋಮವಾರ ನಾನು ಮಧ್ಯಾಹ್ನ 1.45ಕ್ಕೆ ಕೆಲಸಕ್ಕೆ ಹೋದೆ. ಸುಡಲು ಒಯ್ಯುವ ಲಾರಿ ಬಂದಿತ್ತು. ಮ್ಯಾನೇಜರ್ ಋಷಿಕೇಶ್ ಅವರು ಲಾರಿಯವರೊಂದಿಗೆ ಜಾಲರಿಯ ಹತ್ತಿರ ನಿಂತು ಕಾರ್ಟನ್ ಎಣಿಸಿಕೊಡುತ್ತಿದ್ದರು. ಸುಡುವ ಸಾಮಾನು ಸೀಲು ಒಡೆಯದೆ ಪೂರ್ತಿ ಲೆಕ್ಕಕ್ಕೆ ಸಿಗಬೇಕು ಎಂಬ ನಿಯಮವಿದೆಯಂತೆ. 61ನೇ ಕಾರ್ಟನ್ ತೆರೆದಿರುವುದನ್ನು ಲಾರಿಯವರು ತೋರಿಸಿ, ಇದನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಅದೇ ವೇಳೆಗೆ, ಅಂದರೆ 1.55ಕ್ಕೆ, ರುದ್ರಮ್ಮನವರು ತಮ್ಮ ಪಾಳಿ ಮುಗಿಸಿ, ಪೊರಕೆ ಇಟ್ಟು ಬಂದು, ಸೂಪರ್‌ವೈಸರ್ ದೇವರಾಜ್ ಅವರ ಮುಂದೆ ಬಾಟಲಿ ಮತ್ತು ನೋಟ್‌ಬುಕ್ ಇಟ್ಟು ಸಹಿ ಕೇಳಿದರು.

ದೇವರಾಜ್ ಅವರು ಮೆಲ್ಲಗೆ, "ಅಯ್ಯೋ ಇದನ್ಯಾಕೆ ತಂದೆ, ಒಳಗಿಟ್ಕೊ, ಒಳಗಿಟ್ಕೊ" ಎಂದರು. ರುದ್ರಮ್ಮ, "ಸೈನ್ ಮಾಡ್ರಿ ಸಾಹೇಬ್ರ, ಲೆಕ್ಕ ಮುಗೀತದ" ಎಂದರು. ಋಷಿಕೇಶ್ ಅವರು ಬಂದು ನೋಟ್‌ಬುಕ್ ತೆಗೆದುಕೊಂಡು ಮೊದಲ ಪುಟದಿಂದ ಓದಿದರು. ಗೋದಾಮಿನ ಹೆಸರು, ಬ್ಯಾಚ್ ನಂಬರು ಎಲ್ಲವೂ ಅದರಲ್ಲಿತ್ತು. ಬಾಟಲಿಯನ್ನು ಯಾರು ತೆಗೆದದ್ದು ಎಂದು ಕೇಳಿದರು.

ನಾನು ಆಗ ಅವರಿಂದ ಹನ್ನೆರಡು ಮೀಟರ್ ದೂರದಲ್ಲಿದ್ದೆ. ಡಾಕಿನ ನೆಲದ ಮೇಲೆ ಹಳದಿ ಗೆರೆಗಳು ಮೂರು ಮೂರು ಮೀಟರಿಗೆ ಒಂದು ಇವೆ, ನಾಲ್ಕು ಗೆರೆ ದಾಟಬೇಕಿತ್ತು. ನನ್ನ ಕೈಯಲ್ಲಿ ಬೇರೆ ಕಂಪನಿಯ ಕಾರ್ಟನ್ ಇತ್ತು. ದೇವರಾಜ್ ಅವರು ನೆಲ ನೋಡುತ್ತಿದ್ದರು. ರುದ್ರಮ್ಮನವರು ಒಂದು ಸಲ ನಾನಿದ್ದ ಕಡೆ ನೋಡಿ, "ನಾನ ತಗೊಂಡೀನ್ರಿ" ಎಂದರು. ನಾನು ಕೈಯಲ್ಲಿದ್ದ ಕಾರ್ಟನ್ ಕೆಳಗಿಟ್ಟು, ಅದರ ಲೇಬಲ್ ನೆಟ್ಟಗೆ ಹೊರಮುಖ ಇದೆಯೇ ಎಂದು ನೋಡಿ, ತಿರುಗಿಸಿ ಇಟ್ಟೆ. ರಾತ್ರಿ 10ರವರೆಗೆ ಕೆಲಸ ಮಾಡಿದೆ.

ಸಂಜೆ 5.30ಕ್ಕೆ ಪೊಲೀಸಿನವರು ಲೈನ್ ಮನೆಗೆ ಬಂದು ಎಲ್ಲರ ಎಡಗೈ ತೋರಿಸಲು ಹೇಳಿ, ಉಗುರಿಗೆ ಗುರುತು ಇದ್ದವರನ್ನು ಒಂದು ಕಡೆ ನಿಲ್ಲಿಸಿ ಹೆಸರು ಬರೆದುಕೊಂಡರೆಂದು ಮಾಲಾ ತಿಳಿಸಿರುತ್ತಾಳೆ. ಕೆಲವರು ಥಿನ್ನರ್ ಹಾಕಿ ಉಜ್ಜಿದರೂ ಹೋಗಲಿಲ್ಲವಂತೆ. ಮಕ್ಕಳು ಮಾತ್ರ ತಾವಾಗಿಯೇ ಓಡಿ ಬಂದು ಬೆರಳು ತೋರಿಸಿದವಂತೆ. 9ನೇ ರೂಮಿನಲ್ಲಿ ಪೊಟ್ಟಣ ಸಿಕ್ಕಿದ್ದು, ಅದನ್ನೂ ಜಪ್ತಿ ಮಾಡಿರುತ್ತಾರೆ. ರುದ್ರಮ್ಮನವರನ್ನು 6.10ಕ್ಕೆ ಜೀಪಿನಲ್ಲಿ ಕರೆದುಕೊಂಡು ಹೋದರು. ಮರುದಿನ ನ್ಯಾಯಾಲಯಕ್ಕೆ ಹಾಜರುಪಡಿಸಿ ಜೈಲಿಗೆ ಕಳುಹಿಸಿರುವುದಾಗಿ ಗೊತ್ತಾಯಿತು.

ದಿನಾಂಕ 25-11-2025 ಮಂಗಳವಾರ ಮಧ್ಯಾಹ್ನ 1.30ಕ್ಕೆ ನಾನು ಗೇಟಿನ ಸೆಕ್ಯುರಿಟಿಯವರಲ್ಲಿ ಶುಕ್ರವಾರದ ಚೀಟಿ ತೋರಿಸಲು ಕೇಳಿದೆ. ಚೀಟಿಗಳ ಫೈಲನ್ನು ಆಫೀಸಿನವರು ಒಯ್ದಿದ್ದಾರೆ ಎಂದರು. ದೇವರಾಜ್ ಅವರನ್ನು ಕೇಳಿದೆ. "ನಂಗೂ ಇಬ್ರು ಮಕ್ಳಿದಾವೆ ಹಣಮಂತು. ಆ ಯಮ್ಮ ತಾನೇ ಒಪ್ಕೊಂಡಿದಾಳಲ್ಲ, ಬಿಟ್ಬಿಡು" ಎಂದರು. ಮ್ಯಾನೇಜರ್ ಅವರನ್ನು ನೋಡಲು ಹೋದೆ. ದೂರು ಕೊಡದೆ ಬೇರೆ ದಾರಿ ಇಲ್ಲ, ಒಂದು ಬಾಟಲಿ ಕಡಿಮೆಯಾದರೂ ಕೊಟ್ಟವರಿಗೂ ಇನ್ಶೂರೆನ್ಸಿಗೂ ತಾವೇ ಉತ್ತರ ಹೇಳಬೇಕು ಎಂದು ತಿಳಿಸಿದರು. ಬಾಟಲಿ ತೆಗೆದದ್ದು ನಾನು ಎಂದು ಹೇಳುವ ಮೊದಲೇ ಅವರಿಗೆ ಫೋನ್ ಬಂತು. ನಾನು ಹೊರಗೆ ಬಂದೆ.

ದೂರಿನಲ್ಲಿ ಮಾಲಿನ ಮೌಲ್ಯ 14,40,000 ರೂಪಾಯಿ ಎಂದಿರುವುದು ಶ್ಯಾಮಲಾ ಮೇಡಂ ಅವರಿಂದ ಗೊತ್ತಾಯಿತು. ಸೀಲು ಒಡೆದದ್ದರಿಂದ ಇಡೀ ಕಾರ್ಟನ್ ಲೆಕ್ಕ, 6000 ಮಾತ್ರೆ, ಒಂದಕ್ಕೆ 240 ರೂಪಾಯಿ. ಅದು ಹೊರದೇಶದ ಬೆಲೆಯಂತೆ. ದಾನ ಬಂದದ್ದಕ್ಕೆ ಬೆಲೆ ಎಲ್ಲಿಂದ ಬಂತು ಎಂದು ನಾನು ಕೇಳಿದೆ. "ಬಂದಾಗ ಸೊನ್ನೆ ಅಂತ ಬರ್ದಿದೀವಿ, ಕಸ್ಟಮ್ಸಿಗೆ. ಕಳೆದ್ರೆ ಹದಿನಾಲ್ಕು ಲಕ್ಷ ಅಂತ ಬರೀಬೇಕು, ಇನ್ಶೂರೆನ್ಸಿಗೆ. ಸುಡೋಕೆ ಕೆಜಿಗೆ ಅರವತ್ತೆರಡು ರೂಪಾಯಿ. ಮೂರೂ ನನ್ನ ಕಂಪ್ಯೂಟರ್ನಲ್ಲೇ ಇದೆ, ಮೂರೂ ಸರಿ" ಎಂದು ಹೇಳಿ, ನನ್ನ ಮುಖ ನೋಡದೆ ಒಳಗೆ ಹೋದರು. ಒಂದು ಕಾರ್ಟನ್ನಿನ ತೂಕ 4 ಕೆಜಿ 200 ಗ್ರಾಂ ಎಂಬುದು ಎತ್ತಿದ ನನಗೆ ಗೊತ್ತು. ಸುಡುವ ಲೆಕ್ಕದಲ್ಲಿ ಅದರ ಬೆಲೆ 260 ರೂಪಾಯಿ 40 ಪೈಸೆ.

ಅದೇ ದಿನ ಕೆಲಸದ ವಿರಾಮದಲ್ಲಿ 400 ಮೀಟರ್ ದೂರದ ಮೆಡಿಕಲ್ ಶಾಪಿಗೆ ಹೋಗಿ ಅದೇ ಮಾತ್ರೆ ಕೇಳಿದೆ. ಇಲ್ಲಿಯೇ ತಯಾರಾದ ಮಾತ್ರೆ, ಒಂದಕ್ಕೆ 28 ರೂಪಾಯಿ. ಲೈನ್ ಮನೆಯವರೆಲ್ಲ ನುಂಗಿದ 211 ಮಾತ್ರೆಗೆ 5,908 ರೂಪಾಯಿ ಆಗುತ್ತದೆ. ಕ್ಲಿನಿಕ್ಕಿನ ಹಳೆಯ ಚೀಟಿ ತೋರಿಸಿ 84 ರೂಪಾಯಿ ಕೊಟ್ಟು ಮೂರು ಮಾತ್ರೆ ತಂದು ರಾತ್ರಿ ಮಾಲಾಳ ಮುಂದೆ ಇಟ್ಟೆ. ಅವಳು ಮುಟ್ಟಲಿಲ್ಲ. ರುದ್ರಮ್ಮನ ಎದುರಿಗೆ ನುಂಗುತ್ತೇನೆ ಎಂದು ಒಪ್ಪಿದ್ದೇನೆ, ಅವರ ಎದುರಿಗೇ ನುಂಗುತ್ತೇನೆ ಎಂದಳು. ಆಮೇಲೆ, "ಡಾಕಿನಾಗ ನೀ ಎಲ್ಲಿ ನಿಂತಿದ್ದಿ ಅಣ್ಣ" ಎಂದು ಕೇಳಿದಳು. ಹೇಳಿದೆ. ಹನ್ನೆರಡು ಮೀಟರ್ ಎಂದೂ ಹೇಳಿದೆ. ಅವಳು ಆ ಮೇಲೆ ನನ್ನೊಂದಿಗೆ ಮಾತನಾಡಿರುವುದಿಲ್ಲ.

ದಿನಾಂಕ 26-11-2025 ಬುಧವಾರ ಬೆಳಿಗ್ಗೆ 10.15ಕ್ಕೆ ನಾನು ಈ ಠಾಣೆಗೆ ಬಂದು ಮುಖ್ಯ ಪೇದೆ ಸಿದ್ದಲಿಂಗಯ್ಯನವರಿಗೆ ಬಾಟಲಿ ತೆಗೆದದ್ದು ನಾನು ಎಂದು ಹೇಳಿದೆ. ಅವರು ಬಂದೋಬಸ್ತಿಗೆ ಹೊರಟಿದ್ದರು. "ಯೋಚ್ನೆ ಮಾಡಪ್ಪ. ಸಾಕ್ಷಿ ಆಗಿ ಬಂದೋನು ಆರೋಪಿ ಆಗಿ ಕೂತ್ಕೋತೀಯ. ಕಾಯೋಕೆ ಆಗ್ದಿದ್ರೆ ನಡೆದಿದ್ದನ್ನ ಫೋನಲ್ಲಿ ಹೇಳಿ ಕಳ್ಸು, ಬರ್ಕೋತೀನಿ" ಎಂದು ನಂಬರು ಕೊಟ್ಟರು. ಆ ದಿನ ಕೆಲಸ ಮುಗಿದ ಮೇಲೆ ನಾನು ಲೈನ್ ಮನೆಯ ಹಿಂದಿನ ರಸ್ತೆಯಲ್ಲಿ ನಡೆದಾಡುತ್ತಾ ಒಂಬತ್ತು ಧ್ವನಿ ಸಂದೇಶಗಳನ್ನು ಕಳುಹಿಸಿರುತ್ತೇನೆ. ಅವುಗಳನ್ನೇ ಇಲ್ಲಿ ಬರೆಯಲಾಗಿದೆ. ಇಂದು ಬೆಳಿಗ್ಗೆ 9 ಗಂಟೆಗೆ ಸಹಿ ಮಾಡಲು ಬಂದು, ಮುಂದಿನದನ್ನು ಎದುರಿಗೆ ಹೇಳಿ ಬರೆಸುತ್ತಿದ್ದೇನೆ. ನಾನು ಆರೋಪಿಯಾಗುವುದಕ್ಕೆ ನನ್ನ ತಕರಾರು ಇಲ್ಲ.

ಬಾಟಲಿಯನ್ನು ತೆಗೆದವನು ನಾನು. ರುದ್ರಮ್ಮನವರು ಅದನ್ನು ವಾಪಸ್ ತಂದವರು ಮಾತ್ರ. ಅವರನ್ನು ಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಬಿಡುವವರೆಗೆ ಅವರಿಗೆ ದಿನಕ್ಕೆ ಎರಡು ಸಲ ಒಂದು ಬೇಸಿನ್ ನೀರು, ಸೋಪು, ಒಂದು ಒಣಬಟ್ಟೆ ಸಿಗುವಂತೆ ಮಾಡಬೇಕು. ಬೆರಳ ಸಂದಿ ಒದ್ದೆ ಇರಬಾರದು. ಇಂದಿಗೆ ಅವರು ಒಳಗಿದ್ದು ಮೂರನೇ ದಿನ.

ಜಪ್ತಿಯಾದ ಪೊಟ್ಟಣವನ್ನು ನನ್ನ ತಂಗಿಗೆ ಕೊಡಲು ಆಗುತ್ತದೆಯೇ, ಅವಳನ್ನು ಜೈಲಿಗೆ ಭೇಟಿಗೆ ಕರೆದುಕೊಂಡು ಹೋಗಿ ರುದ್ರಮ್ಮನವರ ಎದುರಿಗೆ ನುಂಗಿಸಬಹುದೇ ಎಂದು ಸಿದ್ದಲಿಂಗಯ್ಯನವರನ್ನು ಕೇಳಿದೆ. ಪೊಟ್ಟಣ ಈಗ ಮುದ್ದೆಮಾಲು, ಅಂದರೆ ಕೇಸಿನ ವಸ್ತು, ಸೀಲು ಹಾಕಿ ಬೀರುವಿನಲ್ಲಿದೆ, ನ್ಯಾಯಾಲಯ ಹೇಳದೆ ತೆಗೆಯುವಂತಿಲ್ಲ, ಜೈಲಿನೊಳಗೆ ಹೊರಗಿನ ಔಷಧಿ ಬಿಡುವುದಿಲ್ಲ ಎಂದು ತಿಳಿಸಿದರು. ಕೇಸಿನ ಮುಂದಿನ ತಾರೀಖು ಡಿಸೆಂಬರ್ 9. ಮಾತ್ರೆಯ ಅವಧಿ ಇನ್ನು ಮೂರು ದಿನ ಎಂದೆ. ಅದನ್ನೂ ಅವರು ಬರೆದುಕೊಂಡರು. ಕೇಸು ಮುಗಿದ ಮೇಲೆ ಪೊಟ್ಟಣ ಏನಾಗುತ್ತದೆ ಎಂದು ಕೇಳಿದೆ.

"ಡೇಟ್ ಆಗಿರೋ ಔಷಧಿ ಅಲ್ವೇನಪ್ಪ. ಪಂಚರ ಮುಂದೆ ಎಣಿಸಿ, ಬರ್ಕೊಂಡು, ಸುಡಿಸ್ತೀವಿ" ಎಂದರು.

ಮೇಲೆ ಬರೆದಿರುವುದನ್ನು ನನಗೆ ಎರಡು ಸಲ ಓದಿ ಹೇಳಿರುತ್ತಾರೆ. ಅದು ನಾನು ಹೇಳಿದಂತೆಯೇ ಇದ್ದು, ನನಗೆ ತಿಳಿದಮಟ್ಟಿಗೆ ಪೂರ್ತಿ ಸತ್ಯವಾಗಿರುತ್ತದೆ. 14,40,000 ಎಂಬ ಅಂಕಿ ಮಾತ್ರ ನನ್ನದಲ್ಲ, ದೂರಿನದು.

ಸ್ಥಳ: ಬೊಮ್ಮಸಂದ್ರ
ದಿನಾಂಕ: 27-11-2025, ಸಮಯ ಬೆಳಿಗ್ಗೆ 9.50

ಸಹಿ: ಹಣಮಂತ್ರಾಯ
ಗುರುತಿನ ಚಿಹ್ನೆ: ಎಡಗೈ ಕಿರುಬೆರಳ ಉಗುರಿನ ಮೇಲೆ ಕಪ್ಪು ಶಾಯಿ